ಹನ್ನೊಂದು ನಿಮಿಷದ ಥಂಡಿ

ಬರೆದಿಟ್ಟದ್ದೆಲ್ಲ ತಿಳಿದುಕೊಂಡದ್ದೇ ಎಂದು ನಂಬುವ ಒಂದು ಬಗೆಯ ಜನ ಇರುತ್ತಾರೆ. ನಾನು ಆ ಬಗೆಯವನು. ಒಂಬತ್ತನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಈಗ ನನಗೆ ಇಪ್ಪತ್ತಮೂರು. ಈ ಹದಿನಾಲ್ಕು ವರ್ಷಗಳಲ್ಲಿ ಬರೆಯದೆ ತಪ್ಪಿಹೋದ ದಿನಗಳು ಆರು. ಅವುಗಳಲ್ಲಿ ನಾಲ್ಕು ಜ್ವರದವು, ಒಂದು ಅಕ್ಕನ ಮದುವೆಯದು. ಆರನೆಯದರ ಕಾರಣವನ್ನೂ ಬರೆದಿಟ್ಟಿದ್ದೇನೆ, ಆದರೆ ಇಲ್ಲಿ ಹೇಳುವುದಿಲ್ಲ. ನಮ್ಮ ಖಾಸಬಾಗದ ಮನೆಯ ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಮೊಳ ಇಳಿಯಿತು, ಎದುರುಮನೆಯ ಮಗ್ಗ ಬೆಳಿಗ್ಗೆ ಎಷ್ಟು ಗಂಟೆಗೆ ಸದ್ದು ಶುರುಮಾಡಿತು, ಕಾಕಾ ದಿನಕ್ಕೆ ಎಷ್ಟು ಸಲ ಕನ್ನಡಕ ಹುಡುಕಿದರು, ಎಲ್ಲವೂ ನನ್ನಲ್ಲಿ ಸಿಗುತ್ತದೆ. ಕನ್ನಡಕದ ಸರಾಸರಿ ನಾಲ್ಕು. ಇಷ್ಟೊಂದು ಪುರಾವೆ ಕೈಯಲ್ಲಿಟ್ಟುಕೊಂಡವನು ತಪ್ಪುವುದಾದರೂ ಹೇಗೆ ಎಂದು ನೀವು ಕೇಳಬಹುದು. ಹೋದ ಬೇಸಿಗೆಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಅಪ್ಪ, ಅವ್ವ ಸಾಂಬ್ರಾದಲ್ಲಿ ಹೊಲ ನೋಡಿಕೊಂಡಿದ್ದಾರೆ. ನಾನು ಬೆಳಗಾವಿಯ ಖಾಸಬಾಗದಲ್ಲಿ ಪಾಯಪ್ಪ ಕಾಕಾನ ಮನೆಯಲ್ಲಿದ್ದು ಅವರ ಬೆಲ್ಲದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಕಾ ಮೂರು ವರ್ಷದ ಹಿಂದೆ ಮುಂಬಯಿಗೆ ಬೆಲ್ಲದ ವ್ಯಾಪಾರಕ್ಕೆ ಹೋದವರು ಬರುವಾಗ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು ತಂದರು. ಅದರ ಹಿಂದಿನ ಮಾಲೀಕ ಯಾರೋ ಸೆಕೆ ತಡೆಯದ ಶ್ರೀಮಂತ. ಮುಂದಿನ ಸೀಟಿನ ಎದುರಿಗೆ, ಮೊಣಕಾಲಿಗೆ ತಾಗುವಂತೆ, ಕರಿಯ ಪೆಟ್ಟಿಗೆಯೊಂದನ್ನು ತೂಗುಹಾಕಿಸಿದ್ದ. ಅದೇ ಏಸಿ. ಅದರೊಳಗಿನ ಗ್ಯಾಸು ಯಾವಾಗಲೋ ಹೋಗಿಬಿಟ್ಟಿತ್ತು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗಿ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕಾಕಾ ಅದರ ಮೇಲೆ ಏಲಕ್ಕಿ ಡಬ್ಬಿಯನ್ನೂ ಕನ್ನಡಕವನ್ನೂ ಇಟ್ಟುಕೊಳ್ಳುತ್ತಿದ್ದರು. ಮೊಣಕಾಲು ತಾಗಿ ಅವೆರಡೂ ಕೆಳಗೆ ಬೀಳುತ್ತಿದ್ದವು. ನಾಲ್ಕರ ಸರಾಸರಿಯಲ್ಲಿ ಒಂದು ಪಾಲು ಈ ಪೆಟ್ಟಿಗೆಯದು.

ಅದನ್ನು ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬೆಳಗಾವಿಯಲ್ಲಿ ಏಸಿ ಎಂದರೆ ಹೊಳೆಯ ದಂಡೆಯಲ್ಲಿ ಬಾವಿ ತೋಡಿದ ಹಾಗೆ. ನಮ್ಮೂರಿನ ಬೇಸಿಗೆ ಮಧ್ಯಾಹ್ನ ಎರಡು ತಾಸು ಗದರಿಸಿ, ಸಂಜೆಯಾದೊಡನೆ ತಾನೇ ನಾಚಿ ಗಾಳಿ ಬೀಸುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗಿದವರು ಬೆಳಗಿನ ಜಾವ ಚಾದರ ಎಳೆದುಕೊಳ್ಳುವ ಊರು ಇದು. ಬಾಜೂ ಮನೆಯ ಗಂಗಕ್ಕ ಒಮ್ಮೆ ಕಾರಿನೊಳಗೆ ಇಣುಕಿ, "ಪಾಯಪ್ಪಣ್ಣಾ, ಇದೇನ್ರೀ, ದೇವರು ಪುಕ್ಕಟ ಕೊಟ್ಟಿದ್ದನ್ನ ಪೆಟಗ್ಯಾಗ ಹಾಕಿ ಇಟ್ಟೀರಿ?" ಎಂದು ಕೇಳಿದ್ದಳು. ಕಾಕಾ ಪೆಟ್ಟಿಗೆಯ ಮೇಲಿನ ಕನ್ನಡಕ ತೆಗೆದು ಒರೆಸತೊಡಗಿದರು.

ಉತ್ತರ ಒದಗಿಸಿದವಳು ಆಯಿ. ಆಯಿ ಎಂದರೆ ನನ್ನ ಅಜ್ಜಿ, ಕಾಕಾನ ತಾಯಿ. ಅವಳಿಗೊಬ್ಬಳು ತಂಗಿ, ಖಾನಾಪುರದಲ್ಲಿ ಇದ್ದಾಳೆ. ನಾವು ಸಣ್ಣಾಯಿ ಎನ್ನುತ್ತೇವೆ. ಖಾನಾಪುರ ಇಲ್ಲಿಂದ ಇಪ್ಪತ್ತಾರು ಕಿಲೋಮೀಟರು. ಆದರೂ ಆಯಿ ತಂಗಿಯ ಮನೆಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಕೊನೆಯ ಸಲ ಬಸ್ಸಿನಲ್ಲಿ ಹೋದಾಗ ಧೂಳು, ಎಣ್ಣೆಯ ವಾಸನೆ ಎರಡೂ ಸೇರಿ ಅವಳು ನಾಲ್ಕು ಸಲ ವಾಂತಿ ಮಾಡಿಕೊಂಡಿದ್ದಳು. ನಾಲ್ಕೇ ಎಂದು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಜೊತೆಗೆ ನಾನಿದ್ದೆ. ರೈಲಿನಲ್ಲಿ ಹೋಗೋಣವೆಂದರೆ ಇದ್ದಿಲ ಕಣ ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಕಿಟಕಿ ತೆರೆದರೆ ಲಾರಿಗಳ ಧೂಳು, ಮುಚ್ಚಿದರೆ ಸೆಕೆ. ಹೀಗಾಗಿ ಹನ್ನೊಂದು ವರ್ಷವೂ ಸಣ್ಣಾಯಿಯೇ ಬಂದು ಹೋಗುತ್ತಿದ್ದಳು. ಆ ಬೇಸಿಗೆ ಅವಳ ಕಾರ್ಡು ಬಂತು. ಎರಡೇ ಸಾಲು. "ನಾನು ಹದಿನಾಲ್ಕು ಸಲ ಬಂದೇನಿ. ಅಕ್ಷಯ ತದಿಗಿ ದಿನ ನೀ ಒಮ್ಮೆ ಬಾ." ಎಣಿಸುವುದು ನಮ್ಮ ವಂಶದಲ್ಲೇ ಇದೆ ಎಂದು ನನಗೆ ಆಗ ತಿಳಿಯಿತು.

ಆ ದಿನಕ್ಕೆ ಕಾರಣ ಇತ್ತು. ಹಿಂದಿನ ಅಕ್ಷಯ ತದಿಗೆಯಿಂದ ಸಣ್ಣಾಯಿ ವ್ರತ ಹಿಡಿದಿದ್ದಳು: ವರ್ಷವಿಡೀ ದಿನಕ್ಕೆ ಒಂದೇ ಊಟ, ಒಂದೇ ಸಲ ಕುಳಿತು. ಆದಿನಾಥ ಸ್ವಾಮಿಯ ಉಪವಾಸ ಮುಗಿದದ್ದು ಕಬ್ಬಿನ ಹಾಲಿನಿಂದ, ಅದೂ ಆ ತಿಥಿಯಂದೇ. ಆದ್ದರಿಂದ ತನ್ನ ವ್ರತವೂ ಅಂದೇ, ಅಕ್ಕನ ಕೈಯಿಂದ ಕಬ್ಬಿನ ಹಾಲು ಕುಡಿದು ಮುಗಿಯಬೇಕು ಎಂದು ಅವಳ ಹಟ. ಅಕ್ಕ ಬರುವವರೆಗೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಅಂದರೆ ಆಯಿ ಹೊತ್ತು ಮುಳುಗುವುದರೊಳಗೆ ತಲುಪದಿದ್ದರೆ, ಹಿಂದಿನ ಮಧ್ಯಾಹ್ನ ಉಂಡ ಅರವತ್ತೆಂಟು ವರ್ಷದ ಸಣ್ಣಾಯಿ ಇನ್ನೊಂದು ರಾತ್ರಿ ಹಸಿದೇ ಮಲಗಬೇಕು. ಆಯಿ ಕಾರ್ಡನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಳು. ಮೂರನೆಯ ದಿನ ಕಾಕಾನನ್ನು ಕರೆದು ಕೇಳಿದಳು.

"ಪಾಯಾ, ನಿನ್ನ ಗಾಡ್ಯಾಗ ಒಂದು ಥಂಡಿ ಪೆಟಗಿ ಐತೆಲಾ, ಅದು ಚಾಲೂ ಆದ್ರ ಕಿಡಕಿ ಮುಚಗೊಂಡು ಹೋಗಾಕ ಬರತೈತೇನು?"

"ಬರತೈತಿ ಅವ್ವಾ. ಆದ್ರ ಅದರಾಗ ಗ್ಯಾಸ್ ಇಲ್ಲ."

"ಇಲ್ಲಂದ್ರ ಹಾಕಸು. ಅದರ ಮ್ಯಾಲ ಚಷ್ಮಾ ಇಡಾಕ ಮುಂಬಯಿದಿಂದ ತಂದಿ ಏನು?"

ನಾನು ಅಲ್ಲಿಯೇ ನಿಂತಿದ್ದೆ. "ನಾನು ಹಾಕತೇನಿ ಕಾಕಾ, ಮನ್ಯಾಗ" ಎಂದೆ. ದಿನಚರಿಯಲ್ಲಿ ಆ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ. ಆಗ ಹೆಮ್ಮೆಯಿಂದ ಎಳೆದ ಗೆರೆ ಅದು.

ನನ್ನ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಊರಿನ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಪಾಸ್ಕಲ್ ಮಿಸ್ತ್ರಿ ಎಂಬವನಿದ್ದಾನೆ. ಅಲ್ಲಿನ ಬಂಗಲೆಗಳ ಫ್ರಿಜ್ಜು, ಖಾನಾವಳಿಗಳ ಬರ್ಫದ, ಅಂದರೆ ಮಂಜುಗಡ್ಡೆಯ, ಪೆಟ್ಟಿಗೆ ಎಲ್ಲಕ್ಕೂ ಅವನೇ ವೈದ್ಯ. ನಾನು ಹೋದ ದಿನ ಅವನು ತಂಗಿಯ ಮಗಳ ಮದುವೆಗೆಂದು ಗೋವೆಗೆ ಹೊರಟು ನಿಂತಿದ್ದ. ಮರಳಿ ಬರುವುದು ಒಂದು ತಿಂಗಳಿಗೆ, ಅಂದರೆ ಅಕ್ಷಯ ತದಿಗೆ ಕಳೆದ ಮೇಲೆ. ನಾನು ಬಹಳ ಬೇಡಿಕೊಂಡ ಮೇಲೆ ಒಂದು ಗ್ಯಾಸಿನ ಸಿಲಿಂಡರು, ಒಂದು ಮೀಟರು, ಎರಡು ಮಾರು ರಬ್ಬರಿನ ಪೈಪು ಕೊಟ್ಟು, ಹೇಗೆ ತುಂಬಬೇಕೆಂದು ಹೇಳಿಕೊಟ್ಟ. ಅವನು ಹೇಳಿದ್ದನ್ನು ಹನ್ನೆರಡು ಅಂಶಗಳಾಗಿ ಬರೆದುಕೊಂಡು ಅವನಿಗೇ ಓದಿ ತೋರಿಸಿದೆ.

"ಏ ಬಾಬಾ, ಇಷ್ಟ್ ಬರಿಯೂದ್ ಏನ್ ಐತಿ ಅದರಾಗ?" ಎಂದು ಅವನು ನಕ್ಕ. "ಒಂದ ಮಾತ್ ನೆನಪಿಡು. ಹೊರಗಿಂದು ಏನೂ ಒಳಗ ಹೋಗಬಾರದು. ಗಾಳಿ ಹೋಗಬಾರದು, ಧೂಳ ಹೋಗಬಾರದು, ಕಸ ಹೋಗಬಾರದು. ಪೈಪ್ ಹಚ್ಚಿ, ಸೊಲುಪ ಗ್ಯಾಸ್ ಬಿಟ್ಟು, ಒಳಗಿನ ಗಾಳಿ ಬುಸ್ ಅಂತ ಹೊರಗ ಹಾಕಿ, ಆಮ್ಯಾಲ ತುಂಬು. ಸ್ವಚ್ಛ ಇರಬೇಕು ನೋಡು, ಸ್ವಚ್ಛ!"

ಗಾಳಿ, ಧೂಳು, ಕಸ. ಹದಿಮೂರನೆಯ ಅಂಶವಾಗಿ "ಸ್ವಚ್ಛ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

ಏಪ್ರಿಲ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಅಂಗಳದಲ್ಲಿ ಕಾರು ನಿಲ್ಲಿಸಿ, ಚಾಪೆ ಹಾಸಿ, ಸಾಮಾನುಗಳನ್ನು ಸಾಲಾಗಿ ಜೋಡಿಸಿದೆ. ಕಾಕಾ ಕುರ್ಚಿ ಹಾಕಿಕೊಂಡು ಕುಳಿತರು. ಆಯಿ ಬಸದಿಯಿಂದ ಮರಳಿದವಳು ಪೈಪನ್ನು ನೋಡಿ ಮೆಟ್ಟಿಲ ಮೇಲೆಯೇ ನಿಂತಳು.

"ಇದು ಎಲ್ಲಿಂದಪಾ ಭರತೂ?"

"ಕ್ಯಾಂಪಿಂದ ಆಯಿ. ಪಾಸ್ಕಲ್ ಮಿಸ್ತ್ರಿದು."

"ಅಂವಾ ಇದನ್ನ ಎಲ್ಲೆಲ್ಲಿ ಹಚ್ಚತಾನ?"

ನಾನು ಸತ್ಯವಂತ. "ಫ್ರಿಜ್ಜಿಗೆ ಹಚ್ಚತಾನ ಆಯಿ. ಖಾನಾವಳಿದು, ಮೀನದಂಗಡೀದು…" ಎನ್ನುವಷ್ಟರಲ್ಲಿ ಆಯಿ ಸೆರಗನ್ನು ಮೂಗಿಗೆ ಹಿಡಿದಿದ್ದಳು.

"ಅಯ್ಯ! ಮೀನದ ಪೆಟಗಿಗೆ ಹಚ್ಚಿದ ಕೊಳವಿ ತಂದು ನಾ ಕುಂದ್ರೂ ಗಾಡಿಗೆ ಹಚ್ಚತೀಯೇನ? ಅದರೊಳಗಿಂದ ಬಂದ ಗಾಳಿ ಉಸರಾಡ್ಕೋತ ನಾ ಹೋಗಿ, ವರ್ಷಾನುಗಟ್ಟಲೆ ವ್ರತಾ ಹಿಡದಾಕಿ ಬಾಯಾಗ ಕಬ್ಬಿನ ಹಾಲು ಹಾಕಲೇನ? ತೊಳಿ ಮೊದ್ಲ ಅದನ್ನ!"

ಕಾಕಾ ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಹದಿಮೂರನೆಯ ಅಂಶ ಸ್ಪಷ್ಟವಾಗಿತ್ತು. ಆಯಿಯ ಧರ್ಮವೂ ಪಾಸ್ಕಲ್ ಮಿಸ್ತ್ರಿಯ ಶಾಸ್ತ್ರವೂ ಒಂದೇ ಮಾತು ಹೇಳುವುದು ಎಷ್ಟು ಅಪರೂಪ! ನನಗೆ ಬಹಳ ಸಂತೋಷವಾಯಿತು. ಬಾವಿಯಿಂದ ನೀರು ಸೇದಿ, ನಮ್ಮ ಮನೆಯ ಪದ್ಧತಿಯಂತೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಜೀವಹಾನಿಯಾಗದಂತೆ ಮೆಲ್ಲಗೆ ಬಾವಿಗೇ ಮರಳಿ ಬಿಟ್ಟು, ಆ ಸೋಸಿದ ನೀರನ್ನು ಪೈಪಿನ ಒಂದು ತುದಿಯಿಂದ ಹೊಯ್ದು ಇನ್ನೊಂದು ತುದಿಯಿಂದ ಹರಿಸಿದೆ. ಒಮ್ಮೆಯಲ್ಲ, ಮೂರು ಸಲ. ಮೀಟರಿನ ಮೂತಿಯನ್ನೂ ತೊಳೆದೆ. ಪೈಪಿನೊಳಗೆ ಬಟ್ಟೆ ಹೋಗುವಂತಿರಲಿಲ್ಲವಾದ್ದರಿಂದ ನಾಲ್ಕು ಸಲ ಜಾಡಿಸಿದೆ. "ಹಾಂ, ಈಗ ಹಚ್ಚು" ಎಂದು ಆಯಿ ಅಪ್ಪಣೆ ಕೊಟ್ಟಳು. ಅಂದಿನ ದಿನಚರಿಯ ಮೊದಲ ಪುಟದಲ್ಲಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ, "ಪೈಪನ್ನು ಸೋಸಿದ ನೀರಿನಿಂದ ಮೂರು ಸಲ ತೊಳೆದೆ" ಎಂದಿದೆ.

ಆಮೇಲಿನದು ನನ್ನ ಜೀವನದ ದೊಡ್ಡ ಮುಂಜಾನೆಗಳಲ್ಲಿ ಒಂದು. ಹನ್ನೆರಡು ಅಂಶಗಳನ್ನೂ ಕ್ರಮವಾಗಿ ಮುಗಿಸಿ, ಎಂಜಿನ್ ಚಾಲೂ ಮಾಡಿ ಗುಂಡಿ ಒತ್ತಿದರೆ, ಮೂರು ವರ್ಷ ಬಿಸಿಯುಸಿರು ಬಿಟ್ಟ ಪೆಟ್ಟಿಗೆ ಒಮ್ಮೆಲೆ ಮಾಘಮಾಸದ ಗಾಳಿ ಬಿಡತೊಡಗಿತು! ಅಳತೆಗೆಂದು ಮನೆಯಲ್ಲಿದ್ದ ಜ್ವರ ನೋಡುವ ಥರ್ಮಾಮೀಟರನ್ನು ಅದರ ಬಾಯಿಗೆ ಹಿಡಿದೆ. ಪಾದರಸ ಏಳಲೇ ಇಲ್ಲ. "ಜ್ವರಾ ಇಲ್ಲ ಬಿಡು, ಆರಾಮ ಐತಿ" ಎಂದರು ಕಾಕಾ. ಆ ಸಂಜೆ ಓಣಿಯವರೆಲ್ಲ ಬಂದು ಕಾರಿನಲ್ಲಿ ಕುಳಿತು ಎದ್ದರು. ಒಟ್ಟು ಮೂವತ್ತೊಂದು ಜನ, ಮಕ್ಕಳನ್ನು ಬಿಟ್ಟು. ಗಂಗಕ್ಕ ಎರಡು ಸಲ ಕುಳಿತಳು. ಹೊರಗೆ ಬಂದವಳು ತೋಳು ಉಜ್ಜಿಕೊಳ್ಳುತ್ತ, "ಛಳಿ ಹತ್ತಿತಪಾ, ಒಂದು ಶಾಲಾದ್ರೂ ಇಡ್ರಿ ಒಳಗ" ಎಂದಳು. ದೇವರು ಪುಕ್ಕಟೆ ಕೊಟ್ಟದ್ದರ ಮಾತು ಆ ದಿನ ಎತ್ತಲಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಮರುದಿನ. ಕಾಕಾ ಮತ್ತು ನಾನು ಕಾರಿನಲ್ಲಿ ಅಂಗಡಿಗೆ ಹೊರಟೆವು. ಅರ್ಧ ದಾರಿಯಲ್ಲಿ ತಣ್ಣನೆಯ ಗಾಳಿ ತಟ್ಟನೆ ನಿಂತು ಬಿಸಿಗಾಳಿ ಬರತೊಡಗಿತು. ಏಸಿ ಆರಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಹಚ್ಚಿದರೆ ಮತ್ತೆ ಮಾಘಮಾಸ. ಮತ್ತೆ ನಿಂತಿತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಗಡಿಯಾರ ತೆಗೆದೆ. ಎಂಟು ದಿನ, ದಿನಕ್ಕೆ ಮೂರು ಸಲದಂತೆ, ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಇಪ್ಪತ್ತನಾಲ್ಕು ಪರೀಕ್ಷೆ ಮಾಡಿದೆ. ಫಲಿತಾಂಶ ನೋಡಿ ನನಗೇ ರೋಮಾಂಚನವಾಯಿತು. ಹನ್ನೊಂದು ನಿಮಿಷ ಥಂಡಿ, ಆಮೇಲೆ ಬಿಸಿ. ಏಳು ನಿಮಿಷ ಆರಿಸಿಟ್ಟರೆ ಮತ್ತೆ ಹನ್ನೊಂದು ನಿಮಿಷ ಥಂಡಿ. ಹೆಚ್ಚುಕಡಿಮೆ ಆದರೆ ಅರ್ಧ ನಿಮಿಷ. ಕೆಟ್ಟ ಯಂತ್ರ ಇಷ್ಟು ಶಿಸ್ತಿನಿಂದ ನಡೆಯುತ್ತದೆಯೇ? ಹೊತ್ತುಗೊತ್ತಿಲ್ಲದೆ ಬರುವುದು ಕೇಡು. ಹೊತ್ತಿಗೆ ಸರಿಯಾಗಿ ಬರುವುದು ವೇಳಾಪಟ್ಟಿ. ನಮ್ಮ ಏಸಿಗೆ ಒಂದು ವೇಳಾಪಟ್ಟಿ ಇದೆ, ಅಷ್ಟೆ. ಇದನ್ನು ಕಾಕಾನಿಗೆ ವಿವರಿಸಿದೆ.

"ದಣೀತೈತಿ ಬಿಡು," ಎಂದರು ಕಾಕಾ. "ಎತ್ತಾದ್ರೇನು, ಯಂತ್ರಾದ್ರೇನು. ನೊಗ ಇಳಿಸಿ ಕೊಳ್ಳ ಹರಿಬೇಕಾಗ್ತೈತಿ ನಡುವ."

ಪಾಸ್ಕಲ್ ಮಿಸ್ತ್ರಿಗೆ ಗೋವೆಗೆ ಒಂದು ಕಾರ್ಡು ಬರೆದು ಕೇಳೋಣವೇ ಎಂದು ಕಾಕಾನ ಹೆಂಡತಿ ಕಾಕು ಅಡಿಗೆಮನೆಯಿಂದ ಸೂಚಿಸಿದಳು. ವಿಳಾಸ ನನ್ನ ಬಳಿ ಇತ್ತು. ಆದರೆ ಇಪ್ಪತ್ತನಾಲ್ಕು ಪರೀಕ್ಷೆ ಮಾಡಿದವನು ಮದುವೆಮನೆಯಲ್ಲಿ ಕುಳಿತವನನ್ನು ಕೇಳುವುದೇನು? "ಅವರಿಗೆ ಯಾಕ ತ್ರಾಸ" ಎಂದುಬಿಟ್ಟೆ.

ಬದಲಿಗೆ ಪ್ರಯಾಣದ ಪಟ್ಟಿ ತಯಾರಿಸಿದೆ. ಖಾನಾಪುರಕ್ಕೆ ಕಾಕಾನ ವೇಗದಲ್ಲಿ ನಲವತ್ತು ನಿಮಿಷ. ಹನ್ನೊಂದು ನಿಮಿಷ ಓಟ, ಏಳು ನಿಮಿಷ ಮರದ ನೆರಳಿನಲ್ಲಿ ವಿಶ್ರಾಂತಿ. ಹೀಗೆ ಮೂರು ವಿಶ್ರಾಂತಿ. ಒಟ್ಟು ಅರವತ್ತೊಂದು ನಿಮಿಷ. ಬೆಳಿಗ್ಗೆ ಆಯಿಗೆ ಬಸದಿಯಲ್ಲಿ ಅಭಿಷೇಕ, ಮಧ್ಯಾಹ್ನ ಕಬ್ಬು ಹಿಂಡಿಸಿ ತರಬೇಕು. ಆದ್ದರಿಂದ ನಾಲ್ಕು ಗಂಟೆಗೆ ಹೊರಟರೆ ಐದು ಗಂಟೆ ಒಂದು ನಿಮಿಷಕ್ಕೆ ಖಾನಾಪುರ. ಗೋಡೆಯ ಕ್ಯಾಲೆಂಡರಿನ ಪ್ರಕಾರ ಸೂರ್ಯಾಸ್ತ ಆರು ಐವತ್ತಕ್ಕೆ. ಕೈಯಲ್ಲಿ ನೂರಾ ಒಂಬತ್ತು ನಿಮಿಷ ಉಳಿಯುತ್ತವೆ. ಇದನ್ನೆಲ್ಲ ಶುಭ್ರವಾಗಿ ಬರೆದು ಆಯಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಅಷ್ಟ್ ಸರ್ತಿ ಯಾಕ ನಿಲ್ಲಬೇಕೋ, ಟಾಂಗಾನೂ ಅಷ್ಟ್ ನಿಲ್ಲೂದಿಲ್ಲ" ಎಂದಳು. ಹಳೆಯ ಕಾಲದವಳು.

ಅಕ್ಷಯ ತದಿಗೆಯ ದಿನ ಕಬ್ಬಿನ ಗಾಣದಲ್ಲಿ ಗದ್ದಲವಿತ್ತು. ನಾವು ಹೊರಟದ್ದು ನಾಲ್ಕು ನಲವತ್ತಕ್ಕೆ. ಕಾಕಾ ಚಾಲಕರು, ಮುಂದೆ ಅವರ ಪಕ್ಕದಲ್ಲಿ ಆಯಿ, ಮಡಿಲಲ್ಲಿ ಕಬ್ಬಿನ ಹಾಲಿನ ಹಿತ್ತಾಳೆಯ ಬಿಂದಿಗೆ, ಸೆರಗಿನ ಗಂಟಿನಲ್ಲಿ ವಾಂತಿ ಬಂದರೆ ಇರಲೆಂದು ಒಂದು ನಿಂಬೆಹಣ್ಣು. ಹಿಂದೆ ನಾನು, ತೊಡೆಯ ಮೇಲೆ ಪುಸ್ತಕ. ಕಿಟಕಿಗಳೆಲ್ಲ ಬಂದ್. ಪೀರನವಾಡಿ ದಾಟುವವರೆಗೆ ಸ್ವರ್ಗ. ಸರಿಯಾಗಿ ಹನ್ನೊಂದನೆಯ ನಿಮಿಷಕ್ಕೆ ಥಂಡಿ ನಿಂತಿತು. "ನೋಡ್ರಿ!" ಎಂದು ನಾನು ಗೆದ್ದವನಂತೆ ಕೂಗಿದೆ. ಕಾಕಾ ಆಲದ ಮರದ ಕೆಳಗೆ ನಿಲ್ಲಿಸಿ ಬಾಗಿಲು ತೆರೆದರು. ಏಳು ನಿಮಿಷವಾಯಿತು. ಗುಂಡಿ ಒತ್ತಿದೆ. ಬಿಸಿ. ಎಂಟು. ಬಿಸಿ. ಒಂಬತ್ತಕ್ಕೆ ತಣ್ಣಗಾಯಿತು. ಎರಡು ನಿಮಿಷದ ವ್ಯತ್ಯಾಸ ಎಂದು ಬರೆದು ಮುಂದೆ ಹೊರಟೆವು.

ಈ ಸಲ ಥಂಡಿ ಏಳೇ ನಿಮಿಷಕ್ಕೆ ನಿಂತಿತು. ಮಚ್ಛೆಯ ಆಚೆ ಹದಿನೈದು ನಿಮಿಷ ಕಾಯಬೇಕಾಯಿತು. ಆಮೇಲಿನ ಥಂಡಿ ಐದು ನಿಮಿಷ, ಕಾಯ್ದದ್ದು ಇಪ್ಪತ್ತು. ನನ್ನ ಅಂಗಳದ ಪರೀಕ್ಷೆಗಳಲ್ಲಿ ಕಾರು ಓಡಿರಲಿಲ್ಲ ಎಂಬುದು ಆಗ ಹೊಳೆಯಿತು. ಅದನ್ನೂ ಬರೆದುಕೊಂಡೆ. ದೇಸೂರು ದಾಟಿದ ಮೇಲೆ ನಾಲ್ಕು ನಿಮಿಷ ಥಂಡಿ. ಜೊತೆಗೆ ಎಂಜಿನ್ನೂ ಕಾಯ್ದು ಮೂತಿಯಿಂದ ಉಗಿ ಬಿಟ್ಟಿತು. ಕಾಕಾ ಹೊಲದ ಬಾವಿಯಿಂದ ಎರಡು ಕೊಡ ನೀರು ತಂದು ಹೊಯ್ದರು. ಅಲ್ಲಿ ಇಪ್ಪತ್ತೈದು ನಿಮಿಷ. ಆಚೆ ಹೊಲದಲ್ಲಿ ನಮ್ಮ ನೆರಳು ಕಾರಿಗಿಂತ ಉದ್ದವಾಗಿತ್ತು. ಆಯಿ ಕಾರಿನೊಳಗೆ ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ಸೂರ್ಯನನ್ನೇ ನೋಡುತ್ತಿದ್ದಳು.

ಮತ್ತೆ ಹೊರಟು ಎರಡೇ ನಿಮಿಷಕ್ಕೆ ಥಂಡಿ ನಿಂತಿತು. ಗಂಟೆ ಆರು ಹದಿನೆಂಟು. ಇನ್ನೂ ಎಂಟು ಕಿಲೋಮೀಟರು. ಕಾಕಾ ಬದಿಗೆ ತಿರುಗಿಸತೊಡಗಿದರು.

"ಎಷ್ಟ್ ನಿಲ್ಲಸಲೋ ಭರತೂ?"

ನಾನು ಪಟ್ಟಿ ನೋಡಿದೆ. ಒಂಬತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು. "ಮೂವತ್ತು ಹಿಡೀಬಹುದು ಕಾಕಾ" ಎಂದೆ, ಪ್ರಾಮಾಣಿಕವಾಗಿ.

"ಎಲ್ಲೀ ಮೂವತ್ತು!" ಆಯಿಯ ಧ್ವನಿಗೆ ಕಾಕಾನ ಕಾಲು ಬ್ರೇಕಿನಿಂದ ತಾನೇ ಎದ್ದಿತು. "ನನ್ನ ತಂಗಿ ನಿನ್ನಿ ಮಧ್ಯಾಹ್ನ ಉಂಡಾಳ. ನಿಲ್ಲಸಬ್ಯಾಡ ಪಾಯಾ. ಕಿಡಕಿ ತಗಿ."

"ಧೂಳ ಬರತೈತಿ ಅವ್ವಾ. ನಿನಗ ವಾಂತಿ…"

"ಬಂದ್ರ ಬರ್ಲಿ. ವಾಂತಿ ಬಂದು ಯಾರೂ ಸತ್ತಿಲ್ಲ. ಆ ಪೆಟಗಿ ಬಾಯಿ ಮುಚ್ಚು, ಗಾಡಿ ಹೊಡಿ!"

ಹೀಗೆಂದವಳೇ ತಾನೇ ಹಿಡಿಕೆ ತಿರುಗಿಸಿ ಕಿಟಕಿ ಇಳಿಸಿದಳು. ಹನ್ನೊಂದು ವರ್ಷ ಅಂಜಿದ ಧೂಳಿಗೆ ಮುಖ ಕೊಟ್ಟು, ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದು ಕೈಯಲ್ಲಿ ಮೂಗಿಗೆ ನಿಂಬೆಹಣ್ಣು ಹಿಡಿದು ಕುಳಿತಳು. ಕಾಕಾ ಅಷ್ಟು ವೇಗವಾಗಿ ಕಾರು ಓಡಿಸಿದ್ದನ್ನು ನಾನು ನೋಡಿರಲಿಲ್ಲ. ಎದುರಿಗೆ ಲಾರಿ ಬಂದಾಗಲೆಲ್ಲ ಕೆಂಪು ಧೂಳು ಒಳಗೆ ನುಗ್ಗುತ್ತಿತ್ತು. ಲಾರಿ ಹೋದೊಡನೆ ಖಾನಾಪುರದ ಕಾಡಿನ ಕಡೆಯ ಗಾಳಿ ಬರುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕುಳಿತು ಪ್ರತಿ ಕಿಲೋಮೀಟರಿನ ಕಲ್ಲು ದಾಟಿದ ಹೊತ್ತನ್ನು ಬರೆಯುತ್ತಿದ್ದೆ. ಆ ಪುಟದ ಅಕ್ಷರಗಳು ನನ್ನವೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸಣ್ಣಾಯಿಯ ಮನೆಯ ಮುಂದೆ ಕಾರು ನಿಂತಾಗ ಆರು ಇಪ್ಪತ್ತೆಂಟು. ಅವಳು ಹೊಸ್ತಿಲ ಬಳಿ ಮಣೆಯ ಮೇಲೆ ಕುಳಿತಿದ್ದಳು, ಮುಂದೆ ಖಾಲಿ ಬೆಳ್ಳಿಯ ಬಟ್ಟಲು. ಅಕ್ಕನ ಕೆಂಪಾದ ಮುಖ, ಧೂಳು ಹಿಡಿದ ಹುಬ್ಬು ನೋಡಿ, "ಬಂದ್ಯಾ? ನಡಕೋತ ಬಂದ್ಯೇನ?" ಎಂದಳು.

"ಅದಕ್ಕಿಂತ ಸಾವಕಾಶ ಬಂದ್ನಿ. ಮಾತ್ ಆಮ್ಯಾಲ. ಹೊತ್ತು ಮುಣಗತೈತಿ, ಬಾಯಿ ತಗಿ" ಎಂದಳು ಆಯಿ. ಕೈಕಾಲು ತೊಳೆದು ಬಂದು ಬಿಂದಿಗೆಯಿಂದ ಬಟ್ಟಲಿಗೆ ಸುರಿದಳು. ಬಟ್ಟಲನ್ನು ತಂಗಿಯ ತುಟಿಗೆ ಹಿಡಿದಳು. ಸಣ್ಣಾಯಿ ಅಕ್ಕನ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡು ಕುಡಿದಳು. ಆಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತರು. ಮನೆಯವರು ಅವಸರವಸರವಾಗಿ ಬಡಿಸಿದರು. ಆಯಿಗೆ ದಾರಿಯಲ್ಲಿ ವಾಂತಿ ಬಂದಿರಲಿಲ್ಲ. ಒಂದು ಸಲವೂ ಇಲ್ಲ.

ಬಂದದ್ದು ನನಗೆ. ಓಡುವ ಕಾರಿನಲ್ಲಿ ತಲೆ ಬಗ್ಗಿಸಿ ಬರೆದದ್ದರ ಫಲ ಕಾರಿನಿಂದ ಇಳಿದೊಡನೆ ಅವರ ತುಳಸಿಯ ಕಟ್ಟೆಯ ಹಿಂದೆ ಕಾಣಿಸಿಕೊಂಡಿತು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ; ಹಿತ್ತಲಲ್ಲಿ ನಿಂತು ನನ್ನ ತಲೆ ಹಿಡಿದುಕೊಂಡಿದ್ದ ಕಾಕಾ ಎಣಿಸಿದರು. ನಾಲ್ಕು. ಆಮೇಲೆ ಸ್ನಾನ, ಬಟ್ಟೆ ಬದಲು. ಒಳಗೆ ಬಂದು ಎಲೆಯ ಮುಂದೆ ಕೂರುವಷ್ಟರಲ್ಲಿ ಸಣ್ಣಾಯಿ ಕಿಟಕಿಯತ್ತ ನೋಡಿ, "ಮುಣಗಿದಪಾ ಸೂರ್ಯಾ. ನಾಳೆ ಮುಂಜಾನೆ ಉಣಬೇಕು ಕೂಸ" ಎಂದಳು. ಗಡಿಯಾರ ನೋಡಿದೆ. ಆರು ಐವತ್ತೊಂದು. ಹೀಗೆ ಆ ರಾತ್ರಿ ಆ ಮನೆಯಲ್ಲಿ ಹಸಿದು ಮಲಗಿದವನು ನಾನೊಬ್ಬನೇ. ಕಾಕಾ ಹೇಗೋ ನಡುವೆ ಹೋಗಿ ಎರಡು ಹೋಳಿಗೆ ಹೊಡೆದುಬಂದಿದ್ದರು. ಆಯಿ ನನ್ನ ದಿಂಬಿನ ಬಳಿ ತನ್ನ ನಿಂಬೆಹಣ್ಣು ಇಟ್ಟು ಹೋದಳು. "ಮೂಸಿ ನೋಡಾಕ ಅಡ್ಡಿ ಇಲ್ಲ" ಎಂದಳು.

ವಾರ ಕಳೆದ ಮೇಲೆ ಪಾಸ್ಕಲ್ ಮಿಸ್ತ್ರಿ ಗೋವೆಯಿಂದ ಬಂದ. ಸಿಲಿಂಡರು ಮರಳಿಸುವ ನೆಪದಲ್ಲಿ ಕಾರನ್ನೂ ಕ್ಯಾಂಪಿಗೆ ಒಯ್ದೆವು. ಅವನು ಎಂಜಿನ್ ಚಾಲೂ ಮಾಡಿ, ಥಂಡಿ ನಿಲ್ಲುವವರೆಗೆ ಕಾದು, ಏಸಿಯ ಪೈಪಿನ ಒಂದು ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, "ಬಾಬಾ, ಇದರೊಳಗ ನೀರ ಹೋಗೈತಿ" ಎಂದ. "ಗ್ಯಾಸ್ ಹೋಗೂ ಸಂದಿ ಸೂಜಿಮೊನಿ ಇದ್ದಂಗ ಇರತೈತಿ. ಅಲ್ಲಿ ನೀರಿನ ಹನಿ ಬರ್ಫ ಆಗಿ ಕುಂದರತೈತಿ, ದಾರಿ ಬಂದ್. ಆರಿಸಿಟ್ರ ಕರಗತೈತಿ, ದಾರಿ ಚಾಲೂ. ನೀರ ಹ್ಯಾಂಗ ಹೋತು?"

"ನೀರ ಹೋಗಾಕ ಸಾಧ್ಯನ ಇಲ್ರೀ" ಎಂದು ನಾನು ದಿನಚರಿಯನ್ನು ಅವನ ಕೈಗಿತ್ತೆ. ಇಪ್ಪತ್ತನಾಲ್ಕು ಪರೀಕ್ಷೆಗಳ ಪಟ್ಟಿ ನೋಡಿ ಅವನು ಬೆರಗಾಗಲಿ ಎಂದು ನನ್ನ ಆಸೆ. ಅವನು ಪಟ್ಟಿಯನ್ನು ನೋಡಲೇ ಇಲ್ಲ. ಹಿಂದಕ್ಕೆ ಪುಟ ತಿರುವುತ್ತ ಆ ರವಿವಾರದ ಮೊದಲ ಪುಟಕ್ಕೆ ಹೋಗಿ, ಒಂದು ಸಾಲಿನ ಕೆಳಗೆ ಎಣ್ಣೆಯ ಬೆರಳು ಇಟ್ಟು ಅಕ್ಷರ ಕೂಡಿಸಿ ಓದಿದ. "ಪೈಪನ್ನು… ಮೂರು ಸಲ… ತೊಳೆದೆ?"

"ಸೋಸಿದ ನೀರ್ರೀ" ಎಂದೆ, ಅವನಿಗೆ ಸಂಶಯ ಬಾರದಿರಲೆಂದು.

ಪಾಸ್ಕಲ್ ಮಿಸ್ತ್ರಿ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿರುವುದಾಗಿಯೂ, ಎಷ್ಟೋ ಬುದ್ಧಿಗೇಡಿಗಳಿಗೆ ಎಷ್ಟೋ ಎಚ್ಚರಿಕೆ ಹೇಳಿರುವುದಾಗಿಯೂ, ಪೈಪನ್ನು ತೊಳೆಯಬೇಡ ಎಂದು ಹೇಳುವ ಪ್ರಸಂಗ ಮಾತ್ರ ಬಂದಿರಲಿಲ್ಲವೆಂದೂ ಹೇಳಿದ. ನಾನು ಸ್ವಲ್ಪ ಯೋಚಿಸಿ, ಕಾಯಿಸಿ ಆರಿಸಿದ ನೀರಾಗಿದ್ದರೆ ನಡೆಯುತ್ತಿತ್ತೇ ಎಂದು ಕೇಳಿದೆ. ಅದಕ್ಕೆ ಅವನು ಕೊಂಕಣಿಯಲ್ಲಿ ಕೊಟ್ಟ ಉತ್ತರ ನನಗೆ ತಿಳಿಯಲಿಲ್ಲ. ಕಾಕಾನಿಗೆ ತಿಳಿಯಿತೆಂದು ಕಾಣುತ್ತದೆ, ಅವರು ಹೊರಗೆ ಹೋಗಿ ನಗತೊಡಗಿದರು.

ಅವನು ಗ್ಯಾಸನ್ನೆಲ್ಲ ತೆಗೆದು, ಪಂಪು ಹಚ್ಚಿ ಒಳಗಿನ ತೇವವನ್ನು ಎಳೆದುಹಾಕಿ, ಹೊಸ ಗ್ಯಾಸು ತುಂಬಿಕೊಟ್ಟ. ಈಗ ಏಸಿ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಆದರೆ ನಡೆಸುವವರಿಲ್ಲ. ಆಯಿ ಈಗ ತಿಂಗಳಿಗೊಮ್ಮೆ ಖಾನಾಪುರಕ್ಕೆ ಹೋಗುತ್ತಾಳೆ. ಮುಂದೆ ಕುಳಿತು, ಕಿಟಕಿ ಪೂರ್ತಿ ಇಳಿಸಿ, ನಿಂಬೆಹಣ್ಣು ಹಿಡಿದು. ಈವರೆಗೆ ಐದು ಸಲ ಹೋಗಿದ್ದಾಳೆ. ಹದಿನಾಲ್ಕರ ಬಾಕಿಯಲ್ಲಿ ಇನ್ನು ಒಂಬತ್ತು ಇದೆಯೆಂದು ಸಣ್ಣಾಯಿ ಕಾರ್ಡು ಬರೆಯುತ್ತಾಳೆ. ಪೆಟ್ಟಿಗೆಯ ಮೇಲೆ ಮತ್ತೆ ಕಾಕಾನ ಕನ್ನಡಕ ಬಂದಿದೆ. ಸರಾಸರಿ ಮತ್ತೆ ನಾಲ್ಕಾಗಿದೆ.

ನಾನೂ ಪಾಠ ಕಲಿಯದೆ ಬಿಟ್ಟಿಲ್ಲ. ಈ ವರ್ಷದ ದಿನಚರಿಯಲ್ಲಿ ಉಳಿದ ಪ್ರತಿ ಪುಟಕ್ಕೂ ಒಂದು ಹೊಸ ಅಂಕಣ ಹಾಕಿಕೊಂಡಿದ್ದೇನೆ: "ಗೊತ್ತಿದ್ದವರನ್ನು ಕೇಳಿದೆನೇ?" ಸ್ಕೇಲು ಇಟ್ಟು, ಕೆಂಪು ಮಸಿಯಲ್ಲಿ, ವರ್ಷದ ಕೊನೆಯ ಪುಟದವರೆಗೂ ಗೆರೆ ಎಳೆದಾಗಿದೆ. ಮೊನ್ನೆ ಕುಳಿತು ಲೆಕ್ಕ ಹಾಕಿದೆ. ಐದು ತಿಂಗಳಾದರೂ ಆ ಅಂಕಣ ಒಂದು ದಿನವೂ ತುಂಬಿಲ್ಲ. ಏಕೆ ಹೀಗೆ ಎಂಬುದು ನನಗೆ ತಿಳಿಯುತ್ತಿಲ್ಲ. ಯಾರನ್ನೂ ಕೇಳಿಯೂ ಇಲ್ಲ.